ಬ್ರಿಟಿಷ್ ಫಂಕ್ ಬ್ಯಾಂಡ್ ಜಮಿರೊಕ್ವಾಯ್‌ನ ಹೊಸ ಆಲ್ಬಮ್ 'ಆಟೋಮೇಟನ್' ಕೇಳಿದ್ರಾ? ಇದರಲ್ಲಿ ಬ್ಯಾಂಡ್ ಎಲ್ಲಿದೆ?

ಬಾಸ್‌ಪ್ರಿಯ
2017ರ ಮಾರ್ಚ್ 31ಕ್ಕೆ ಬಂದ 'ಆಟೋಮೇಟನ್' ಇಷ್ಟು ಹೊತ್ತಿಗೆ ಎಲ್ಲರೂ ಕೇಳಿರುತ್ತೀರಿ. 2010ರ 'ರಾಕ್ ಡಸ್ಟ್ ಲೈಟ್ ಸ್ಟಾರ್' ಆದಮೇಲೆ ಏಳು ವರ್ಷ ಕಾದಿದ್ದೇವೆ. ಹಾಗಾಗಿ ನೇರವಾಗಿ ಕೇಳುತ್ತೇನೆ. ಇದು ಬ್ಯಾಂಡಿನ ಆಲ್ಬಮ್ಮಾ, ಇಲ್ಲ ಹಾಡುಗಾರ ಜೇ ಕೇ ಮತ್ತು ಸಿಂತಸೈಜರ್ ಅನ್ನುವ ಎಲೆಕ್ಟ್ರಾನಿಕ್ ಕೀಬೋರ್ಡ್‌ಗಳ ಆಲ್ಬಮ್ಮಾ?

ಹಾಡುಗಳು ಕೆಟ್ಟದಾಗಿವೆ ಅಂತ ನಾನು ಹೇಳುತ್ತಿಲ್ಲ. 'ಶೇಕ್ ಇಟ್ ಆನ್' ಒಳ್ಳೆಯ ಶುರು. 'ಕ್ಲೌಡ್ ನೈನ್' ತಲೆಯಲ್ಲಿ ಕೂತುಬಿಡುತ್ತದೆ. ನನ್ನ ತಕರಾರು ಬೇರೆ. ಪಾಲ್ ಟರ್ನರ್ ಅಂಥ ಬಾಸ್ ಗಿಟಾರ್ ವಾದಕ ಇರುವಾಗ ಬಾಸ್ ಕೇಳಿಸಲು ಕಿವಿ ಚೂಪು ಮಾಡಬೇಕಾ? ಕೆಳಸ್ವರದ ಜಾಗವನ್ನೆಲ್ಲ ಸಿಂತ್ ಬಾಸ್ ಮತ್ತು ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಹಂಚಿಕೊಂಡುಬಿಟ್ಟಿವೆ. ಸೋಲಾ ಅಕಿಂಗ್‌ಬೋಲಾ ನುಡಿಸುವ ಕಾಂಗಾ, ಶೇಕರ್ ಥರದ ತಾಳವಾದ್ಯಗಳೆಲ್ಲ ಗೋಡೆಯ ಆಚೆಯಿಂದ ಬಂದ ಹಾಗಿದೆ. ರಾಬ್ ಹ್ಯಾರಿಸ್ ಗಿಟಾರ್ ಒಂದೆರಡು ಹಾಡಿನಲ್ಲಿ ಮಾತ್ರ ಮುಂದೆ ಬರುತ್ತದೆ.

ಫಂಕ್ ಅಂದ್ರೆ ಐದಾರು ಜನ ಒಬ್ಬರ ಕೈ ಒಬ್ಬರು ನೋಡಿಕೊಂಡು ನುಡಿಸೋದು ಅಂತ ನಂಬಿದವನು ನಾನು. ನಿಮಗೆ ಹೇಗೆ ಅನ್ನಿಸಿತು?

ಕುಣಿಯೋಣಬಾ
ನನಗೆ ತುಂಬಾ ಇಷ್ಟ ಆಯ್ತು. 'ಸೂಪರ್‌ಫ್ರೆಶ್' ಹಾಕಿದರೆ ಕಾಲು ಸುಮ್ನೆ ಇರೋದಿಲ್ಲ. ಡಿಸ್ಕೋಗೆ ಇದಕ್ಕಿಂತ ಬೇರೆ ಪರೀಕ್ಷೆ ಬೇಕಾ?

ಹಳೇಟೇಪು
ಬಾಸ್‌ಪ್ರಿಯ ಹೇಳಿದ್ದು ಅಕ್ಷರಶಃ ನಿಜ. 1993ರ 'ಎಮರ್ಜೆನ್ಸಿ ಆನ್ ಪ್ಲಾನೆಟ್ ಅರ್ಥ್' ತೆಗೆದು ಕೇಳಿ. ಹಿತ್ತಾಳೆ ವಾದ್ಯಗಳು, ತಂತಿ ವಾದ್ಯಗಳು, ಆಸ್ಟ್ರೇಲಿಯಾ ಮೂಲದ ಊದುವಾದ್ಯ ಡಿಜೆರಿಡೂ, ಎಲ್ಲದಕ್ಕೂ ಅದರದರ ಜಾಗ ಇದೆ. ಏಳೆಂಟು ನಿಮಿಷದ ಹಾಡುಗಳಿವೆ, ಆದರೂ ಬೇಜಾರಾಗೋದಿಲ್ಲ. ಕೋಣೆಯ ಗಾಳಿ ಕೂಡ ರೆಕಾರ್ಡ್ ಆಗಿದೆಯೇನೋ ಅನ್ನಿಸುತ್ತದೆ. ಹೊಸದರಲ್ಲಿ ಆ ಗಾಳಿ ಇಲ್ಲ. ಎಲ್ಲವೂ ಮುಖಕ್ಕೆ ಅಂಟಿಕೊಂಡ ಹಾಗಿದೆ.

ಆಗಿನ ತಂಡದಲ್ಲಿ ಉಳಿದಿರೋದೇ ಇಬ್ಬರು, ಜೇ ಕೇ ಮತ್ತು ಡ್ರಮ್ಮರ್ ಡೆರಿಕ್ ಮೆಕೆಂಜಿ. ಸದ್ದು ಬದಲಾಗದೆ ಇನ್ನೇನು?

ನಾಲ್ಕರತಾಳ
@ಹಳೇಟೇಪು ಸಣ್ಣ ತಿದ್ದುಪಡಿ. ಮೊದಲ ಆಲ್ಬಮ್‌ನಲ್ಲಿ ಡ್ರಮ್ಸ್ ನುಡಿಸಿದ್ದು ನಿಕ್ ವ್ಯಾನ್ ಗೆಲ್ಡರ್. ಡೆರಿಕ್ ಬಂದಿದ್ದು 1994ರ 'ದಿ ರಿಟರ್ನ್ ಆಫ್ ದಿ ಸ್ಪೇಸ್ ಕೌಬಾಯ್' ಸಮಯಕ್ಕೆ. ಸೋಲಾ ಕೂಡ ಹೆಚ್ಚುಕಮ್ಮಿ ಆಗಿನಿಂದಲೇ ಇದ್ದಾರೆ. ಅಂದರೆ 1993ರ ಆಲ್ಬಮ್‌ನಿಂದ ಇವತ್ತಿನವರೆಗೆ ಉಳಿದಿರೋದು ಜೇ ಕೇ ಒಬ್ಬರೇ.

ಆದರೆ ಇದನ್ನೇ ಬಾಸ್‌ಪ್ರಿಯ ಅವರ ಪ್ರಶ್ನೆಗೆ ಉತ್ತರ ಅಂತ ಒಪ್ಪಲು ನನಗೆ ಆಗೋದಿಲ್ಲ. ಡೆರಿಕ್, ಸೋಲಾ ಇಪ್ಪತ್ತು ವರ್ಷಕ್ಕೂ ಹೆಚ್ಚು ಜೊತೆಗೆ ನುಡಿಸಿದ್ದಾರೆ. ರಾಬ್, ಕೀಬೋರ್ಡ್ ವಾದಕ ಮ್ಯಾಟ್ ಜಾನ್ಸನ್, ಟರ್ನರ್ ಕೂಡ ಹತ್ತು ವರ್ಷಕ್ಕಿಂತ ಹಳಬರು. ಟರ್ನರ್ ಸೇರಿದ್ದು 2005ರಲ್ಲಿ. ಮೊದಲಿನ ಬಾಸ್ ವಾದಕ ಸ್ಟುವರ್ಟ್ ಝೆಂಡರ್ ಬ್ಯಾಂಡಿನಲ್ಲಿ ಇದ್ದದ್ದಕ್ಕಿಂತ ಜಾಸ್ತಿ ಕಾಲ ಟರ್ನರ್ ಇದ್ದಾರೆ. ಇದೇ ಈಗ ಬ್ಯಾಂಡ್. 'ಹಳೇ ತಂಡ' ಅನ್ನೋ ಮಾತು ಇವರಿಗೆ ಅನ್ಯಾಯ.

ಹಳೇಟೇಪು
ಜಾಸ್ತಿ ಕಾಲ ಇದ್ದ ಮಾತ್ರಕ್ಕೆ ಝೆಂಡರ್ ಆಗೋದಿಲ್ಲ ಗುರು. 'ಟೂ ಯಂಗ್ ಟು ಡೈ' ಬಾಸ್ ನೆನಪಿದೆಯಾ? ಹಾಡುಗಾರನ ಜೊತೆ ಮಾತಾಡಿಕೊಂಡು ಹೋಗುತ್ತದೆ ಅದು.

ಸಿಂತ್80
ಎಲ್ಲರೂ ಒಂದು ವಿಷಯ ಮರೆಯುತ್ತಿದ್ದೀರಿ. ಈ ಬ್ಯಾಂಡ್ ಯಂತ್ರದ ಕಡೆ ಹೋಗಿದ್ದು 2017ರಲ್ಲಿ ಅಲ್ಲ. 1999ರ 'ಸಿಂಕ್ರನೈಸ್ಡ್'ನಲ್ಲಿ 'ಸೂಪರ್‌ಸಾನಿಕ್' ಇತ್ತು. ಡಿಜೆರಿಡೂ ಜೊತೆಗೆ ಪಕ್ಕಾ ಕ್ಲಬ್ ಬೀಟ್. 2001ರ 'ಎ ಫಂಕ್ ಒಡಿಸ್ಸಿ' ಅಂತೂ ಮುಕ್ಕಾಲು ಪಾಲು ಹೊಳೆಯುವ ಎಲೆಕ್ಟ್ರಾನಿಕ್ ಡಿಸ್ಕೋ. 'ಲಿಟಲ್ ಎಲ್' ಕೇಳಿ ಆಗ ಯಾರೂ 'ಬ್ಯಾಂಡ್ ಎಲ್ಲಿ' ಅಂತ ಅಳಲಿಲ್ಲ. ಬ್ರಿಟನ್‌ನಲ್ಲಿ ಆ ಎರಡೂ ಆಲ್ಬಮ್ ಒಂದನೇ ಸ್ಥಾನಕ್ಕೆ ಹೋದವು.

'ಆಟೋಮೇಟನ್' ಆ ದಾರಿಯಲ್ಲಿ ಮುಂದಿನ ಹೆಜ್ಜೆ, ಅಷ್ಟೇ. ವಿಷಯವೇ ಯಂತ್ರ ಇರುವಾಗ ಸದ್ದು ಯಂತ್ರದ್ದು ಆಗಬಾರದಾ? ಕೃತಕ ಬುದ್ಧಿಮತ್ತೆ ಮತ್ತು ತಂತ್ರಜ್ಞಾನದ ನಡುವೆ ಮನುಷ್ಯ ಮನುಷ್ಯರ ಸಂಬಂಧ ಮರೆಯುತ್ತಿದ್ದೇವೆ ಅನ್ನೋದೇ ಆಲ್ಬಮ್‌ಗೆ ಪ್ರೇರಣೆ ಅಂತ ಜೇ ಕೇ ಮೊದಲೇ ಹೇಳಿದ್ದಾರೆ. ಶೀರ್ಷಿಕೆ ಹಾಡಿನಲ್ಲಿ ಲೋಹದ ಹಾಗೆ ತಣ್ಣಗಿನ ಭಾಗ ಬರುತ್ತದೆ, ಆಮೇಲೆ ಪಲ್ಲವಿ ಬಂದಾಗ ಇದ್ದಕ್ಕಿದ್ದಂತೆ ಬೆಚ್ಚಗಿನ ಡಿಸ್ಕೋ ತೆರೆದುಕೊಳ್ಳುತ್ತದೆ. ಅದು ಬೇಕೆಂದೇ ಮಾಡಿದ್ದು. ಯಂತ್ರದೊಳಗಿಂದ ಮನುಷ್ಯ ಇಣುಕಿದ ಹಾಗಿದೆ. ಈ ಆಲ್ಬಮ್‌ನ ಅತಿ ಧೈರ್ಯದ ಹಾಡು ಅದೇ.

ಎರಡನೇಸಾಲು
ಧೈರ್ಯ ಒಪ್ಪುತ್ತೇನೆ. ಆದರೆ ಆ ಆಟೋಟ್ಯೂನ್ ಯಾಕೆ ಬೇಕಿತ್ತು? ಅಂಥ ಒಳ್ಳೆಯ ದನಿ ಇರುವ ಹಾಡುಗಾರ.

ಕೀಲಿಮಣೆ
@ಎರಡನೇಸಾಲು ಶೀರ್ಷಿಕೆ ಹಾಡಿನ ರೋಬೋ ದನಿ ಆಟೋಟ್ಯೂನ್ ಅಲ್ಲ, ವೊಕೋಡರ್. ಎರಡೂ ಬೇರೆ ಬೇರೆ. ಆಟೋಟ್ಯೂನ್ ಹಾಡಿದ ದನಿಯ ಶ್ರುತಿಯನ್ನು ಎಳೆದು ಸರಿಯಾದ ಸ್ವರಕ್ಕೆ ಕೂರಿಸುತ್ತದೆ. ವೊಕೋಡರ್ ಹಾಗಲ್ಲ. ಮಾತನ್ನು ಹಲವು ಪಟ್ಟಿಗಳಾಗಿ ಒಡೆದು, ಆ ಏರಿಳಿತವನ್ನು ಸಿಂತ್ ಸದ್ದಿನ ಮೇಲೆ ಹಾಕುತ್ತದೆ. ಶ್ರುತಿ ಬರೋದು ಕೀಬೋರ್ಡ್‌ನಿಂದ, ಅಕ್ಷರ ಬರೋದು ಬಾಯಿಂದ. ಅದಕ್ಕೇ ಯಾರೋ ಕೀಬೋರ್ಡ್ ನುಡಿಸಲೇಬೇಕು. ಟಾಕ್ ಬಾಕ್ಸ್ ಮೂರನೆಯದು. ಅದರಲ್ಲಿ ವಾದ್ಯದ ಸದ್ದನ್ನು ಕೊಳವೆಯಲ್ಲಿ ಬಾಯೊಳಗೆ ಬಿಟ್ಟು, ಬಾಯಿಯ ಆಕಾರ ಬದಲಿಸುತ್ತಾ ಮಾತಾಡಿಸುತ್ತಾರೆ.

ಫಂಕ್ ಲೋಕದಲ್ಲಿ ವೊಕೋಡರ್ ಹೊಸದೇನಲ್ಲ. 70ರ ದಶಕದ ಕೊನೆಯಿಂದಲೇ ಇದೆ. ಹರ್ಬಿ ಹ್ಯಾನ್‌ಕಾಕ್ ಆಗಲೇ ಅದರಲ್ಲಿ ಹಾಡಿದ್ದರು. ಇದನ್ನು 'ಈಗಿನ ಕಾಲದ ಮೋಸ' ಅಂತ ನೋಡಬೇಡಿ.

ಎರಡನೇಸಾಲು
ಚೆನ್ನಾಗಿ ವಿವರಿಸಿದ್ರಿ, ಥ್ಯಾಂಕ್ಸ್. ನನಗೆ ಆ ದನಿ ಇಷ್ಟವಿಲ್ಲ ಅನ್ನೋದು ಮಾತ್ರ ಹಾಗೇ ಇದೆ.

ರಾತ್ರಿಗೂಬೆ
ಫ್ರಾನ್ಸಿನ ಎಲೆಕ್ಟ್ರಾನಿಕ್ ಜೋಡಿ ಡ್ಯಾಫ್ಟ್ ಪಂಕ್ ಹೆಸರು ಇನ್ನೂ ಯಾಕೆ ಬಂದಿಲ್ಲ ಅಂತ ಕಾಯುತ್ತಿದ್ದೆ. 2013ರಲ್ಲಿ ಆ ಇಬ್ಬರು ನೈಲ್ ರಾಜರ್ಸ್ ಗಿಟಾರ್, ನಿಜವಾದ ಡ್ರಮ್ಮರ್‌ಗಳು, ಸ್ಟುಡಿಯೋ ವಾದಕರನ್ನೆಲ್ಲ ಕರೆಸಿ 'ರ‍್ಯಾಂಡಮ್ ಆಕ್ಸೆಸ್ ಮೆಮೊರೀಸ್' ಮಾಡಿದರು. ಯಂತ್ರದವರು ಮನುಷ್ಯರ ಕಡೆ ಬಂದರು. ನಾಲ್ಕು ವರ್ಷ ಆದಮೇಲೆ ಮನುಷ್ಯರ ಬ್ಯಾಂಡ್ ಯಂತ್ರದ ಕಡೆ ಹೋಗಿದೆ. ನನಗೆ ಇದು ನಿಜಕ್ಕೂ ದುಃಖ. 'ಸೂಪರ್‌ಫ್ರೆಶ್' ಕೇಳಿದಾಗಲೆಲ್ಲ 'ಇದು ಅವರದ್ದಲ್ವಾ' ಅನ್ನಿಸುತ್ತದೆ.

ಕುಣಿಯೋಣಬಾ
ಡ್ಯಾಫ್ಟ್ ಪಂಕ್‌ನ ಮೊದಲ ಆಲ್ಬಮ್‌ಗಿಂತ ಮುಂಚೆಯೇ ಜಮಿರೊಕ್ವಾಯ್ 'ಕಾಸ್ಮಿಕ್ ಗರ್ಲ್' ಮಾಡಿ ಮುಗಿಸಿತ್ತು. 1996. 'ಡಿಸ್ಕೋ ಸತ್ತಿದೆ' ಅಂತ ಎಲ್ಲರೂ ಹೇಳುತ್ತಿದ್ದ ಕಾಲದಲ್ಲಿ. ಯಾರು ಯಾರಿಂದ ಕಲಿತರು ಅಂತ ಹೇಳೋದು ಅಷ್ಟು ಸುಲಭ ಅಲ್ಲ.

ನಾಲ್ಕರತಾಳ
ಈಗ ಡ್ರಮ್ಸ್ ಬಗ್ಗೆ ಸ್ವಲ್ಪ ಮಾತಾಡೋಣ. ಯಾಕಂದ್ರೆ ಅಸಲಿ ಗಲಾಟೆ ಅಲ್ಲೇ ಇದೆ.

ಡಿಸ್ಕೋ ಬೀಟ್ ಅಂದರೆ ನಾಲ್ಕು ಎಣಿಕೆಗೂ ಒಂದೊಂದು ಕಿಕ್. ಎರಡು ಎಣಿಕೆಯ ನಡುವೆ ಹೈಹ್ಯಾಟ್ (ಜೋಡಿ ತಟ್ಟೆ) ತೆರೆದು 'ತ್ಸ್' ಅನ್ನಬೇಕು. ಎರಡು ಮತ್ತು ನಾಲ್ಕರ ಮೇಲೆ ಸ್ನೇರ್ (ಗರಗರ ಸದ್ದಿನ ಚಿಕ್ಕ ಡ್ರಮ್) ಅಥವಾ ಚಪ್ಪಾಳೆ. ಇದನ್ನು ಯಂತ್ರಕ್ಕೆ ಐದು ನಿಮಿಷದಲ್ಲಿ ಕಲಿಸಬಹುದು. ಫಂಕ್ ಹಾಗಲ್ಲ. ಅದರ ಜೀವ ಮೊದಲ ಎಣಿಕೆಯ ಒತ್ತಿನಲ್ಲಿ ಇದೆ, ಮತ್ತೆ ಸ್ನೇರ್ ಮೇಲೆ ಕಡ್ಡಿ ತಾಗಿಯೂ ತಾಗದ ಹಾಗೆ ಬೀಳುವ ಆ ಸಣ್ಣ ಪೆಟ್ಟುಗಳಲ್ಲಿ ಇದೆ. ಡ್ರಮ್ಮರ್‌ಗಳು ಅದಕ್ಕೆ ಘೋಸ್ಟ್ ನೋಟ್ ಅನ್ನುತ್ತಾರೆ. ಅವು ಬಿಡಿಯಾಗಿ ಕೇಳಿಸೋದಿಲ್ಲ. ತೆಗೆದುಬಿಟ್ಟರೆ ಮಾತ್ರ ಹಾಡು ಸಪ್ಪೆ ಆಗುತ್ತದೆ.

ಡೆರಿಕ್ ಈ ಎರಡನ್ನೂ ಸೇರಿಸಿ ನುಡಿಸುವವರು. ಕಾಲು ಡಿಸ್ಕೋ, ಕೈ ಫಂಕ್. 'ಕ್ಯಾನ್ಡ್ ಹೀಟ್' ಕೇಳಿದರೆ ಗೊತ್ತಾಗುತ್ತದೆ. ಹೊಸ ಆಲ್ಬಮ್‌ನ ಮೊದಲ ಕೆಲವು ಹಾಡುಗಳಲ್ಲಿ ಅವರ ಕೈ ನನಗೆ ಸಿಗಲಿಲ್ಲ, ಕಾಲು ಮಾತ್ರ ಸಿಕ್ಕಿತು. ಕಿಕ್ ಬಿದ್ದಾಗಲೆಲ್ಲ ಉಳಿದ ಸದ್ದು ಒಳಗೆ ಸರಿದು ಮತ್ತೆ ಉಬ್ಬುತ್ತದೆ. ಕ್ಲಬ್ ಸಂಗೀತದಲ್ಲಿ ಇದು ಮಾಮೂಲಿ. ಆದರೆ ಹೀಗೆ ಉಬ್ಬಿಸಿದರೆ ಸಣ್ಣ ಪೆಟ್ಟುಗಳು ಅದರಲ್ಲಿ ಮುಳುಗಿಹೋಗುತ್ತವೆ.

ಎರಡನೇ ಅರ್ಧಕ್ಕೆ ಬನ್ನಿ. 'ವಿಟಮಿನ್'. ಅಲ್ಲಿ ಡ್ರಮ್ಸ್ ಓಡುತ್ತದೆ, ಉಸಿರು ಬಿಡುತ್ತದೆ, ತಿರುಗುತ್ತದೆ. ಬ್ಯಾಂಡ್ ಎಲ್ಲಿ ಅಂತ ಕೇಳಿದಿರಲ್ವಾ, ಹನ್ನೊಂದನೇ ಹಾಡಿನಲ್ಲಿ ಕೂತಿದೆ.

ಬಾಸ್‌ಪ್ರಿಯ
ಇದು ನನಗೆ ಬೇಕಾಗಿದ್ದ ಉತ್ತರ. 'ಕಾಲು ಡಿಸ್ಕೋ, ಕೈ ಫಂಕ್', ಸರಿಯಾಗಿ ಹೇಳಿದ್ರಿ. ಹಾಗಾದರೆ ಹನ್ನೊಂದನೇ ಹಾಡಿನವರೆಗೆ ಯಾಕೆ ಕಾಯಿಸಬೇಕು? ಈಗ ಜನ ಮೊದಲ ಮೂರು ಹಾಡು ಕೇಳಿ ಮುಂದಕ್ಕೆ ಹೋಗುತ್ತಾರೆ.

ಸಿಂತ್80
ಅದಕ್ಕೇ ಮೊದಲ ಮೂರು ಹಾಡು ಹಾಗಿವೆ.

ಹೆಡ್‌ಫೋನ್‌ಮೇಡಂ
ಒಂದು ವಿನಂತಿ. ಯಾರು ಯಾವುದರಲ್ಲಿ ಕೇಳುತ್ತಿದ್ದೀರಿ ಅಂತಲೂ ಹೇಳಿ. ಫೋನ್ ಸ್ಪೀಕರ್‌ನಲ್ಲಿ ಕೇಳಿ 'ಬಾಸ್ ಇಲ್ಲ' ಅಂದರೆ ಆ ಮಾತಿಗೆ ಬೆಲೆ ಇಲ್ಲ. ನಾನು ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್‌ನಲ್ಲಿ ಕೇಳಿದೆ. 'ಹಾಟ್ ಪ್ರಾಪರ್ಟಿ'ಯಲ್ಲಿ ಮತ್ತು 'ವಿ ಕ್ಯಾನ್ ಡೂ ಇಟ್'ನಲ್ಲಿ ಬೆರಳು ತಂತಿಯ ಮೇಲೆ ಜಾರುವ ಸದ್ದು ಕೂಡ ಸಿಗುತ್ತದೆ. 'ನೈಟ್ಸ್ ಔಟ್ ಇನ್ ದಿ ಜಂಗಲ್' ಬಾಸ್ ಅಂತೂ ಗುರುಗುಟ್ಟುತ್ತದೆ. ಟರ್ನರ್ ಇದ್ದಾರೆ. ಆದರೆ ಅವರನ್ನು ಸಿಂತ್ ಪಕ್ಕದಲ್ಲೇ ಕೂರಿಸಿದ್ದಾರೆ.

ಸದ್ದಿನ ಮಟ್ಟದ ಬಗ್ಗೆ ಹಳೇಟೇಪು ಹೇಳಿದ್ದು ನಿಜ. ಎಲ್ಲವನ್ನೂ ಒತ್ತಿ ಒತ್ತಿ ಜೋರು ಮಾಡಿದ್ದಾರೆ. ಮೆಲ್ಲಗಿನದ್ದಕ್ಕೂ ಜೋರಿಗೂ ಅಂತರ ಕಡಿಮೆ. ಹನ್ನೆರಡು ಹಾಡು ಒಟ್ಟಿಗೆ ಕೇಳಿದರೆ ಕಿವಿ ದಣಿಯುತ್ತದೆ. ನಾನು ಎರಡು ಭಾಗ ಮಾಡಿ ಕೇಳುತ್ತೇನೆ.

ಹಳೇಟೇಪು
ನೋಡಿ, ಫಂಕ್ ಆಲ್ಬಮ್ ಕೇಳಲು ವಿಶ್ರಾಂತಿ ಬೇಕಾಗಬಾರದು.

ಮೋಡದಾಚೆ
ಆಲ್ಬಮ್ ಬಗ್ಗೆ ಅಲ್ಲ, ಆದರೂ ಕೇಳುತ್ತೇನೆ. ಜೇ ಕೇ ತಲೆ ಮೇಲಿನ ಆ ಹೊಳೆಯುವ ಟೋಪಿ ಏನು? ವಿಡಿಯೋದಲ್ಲಿ ಅದು ತಾನಾಗೇ ಅಲ್ಲಾಡುತ್ತಿತ್ತು, ಬಣ್ಣ ಬದಲಾಗುತ್ತಿತ್ತು.

ಸಿಂತ್80
ಮೊರಿಟ್ಸ್ ವಾಲ್ಡೆಮೆಯರ್ ಅನ್ನುವ ವಿನ್ಯಾಸಕಾರ ಮಾಡಿದ್ದು. ಒಳಗೆ ಎಲ್‌ಇಡಿ ದೀಪಗಳಿವೆ, ಹೊರಗಿನ ಹಲಗೆಗಳು ಮೋಟಾರ್‌ನಿಂದ ಎದ್ದು ಕೂರುತ್ತವೆ. ತೊಂಬತ್ತರ ದಶಕದ ಎಮ್ಮೆಕೋಡಿನ ಟೋಪಿಯ ಹಾಗೆಯೇ ಇದೂ ಈ ಆಲ್ಬಮ್‌ನ ಗುರುತು ಆಗುತ್ತದೆ.

ಮೋಡದಾಚೆ
ಟೋಪಿ ಅಂದ ತಕ್ಷಣ 'ವರ್ಚುವಲ್ ಇನ್ಸ್ಯಾನಿಟಿ' ನೆನಪಾಗುತ್ತದೆ. ಆ ನೆಲ ಜಾರುವ ವಿಡಿಯೋ. ಅಷ್ಟು ದೊಡ್ಡ ನೆಲವನ್ನು ಹೇಗೆ ಓಡಿಸಿದರೋ!

ಎರಡನೇಸಾಲು
ನೆಲ ಓಡಲಿಲ್ಲ. ಓಡಿದ್ದು ಗೋಡೆ. ನೆಲ ಇದ್ದಲ್ಲೇ ಇತ್ತು. ಗೋಡೆಗಳನ್ನು ಚಕ್ರದ ಮೇಲೆ ಕೂರಿಸಿ ತಳ್ಳುತ್ತಿದ್ದರು, ಕ್ಯಾಮೆರಾ ಕೂಡ ಗೋಡೆಗೇ ಸೇರಿಕೊಂಡಿತ್ತು. ಹಾಗಾಗಿ ನೋಡುವವರಿಗೆ ನೆಲವೇ ಜಾರಿದಂತೆ ಕಾಣುತ್ತದೆ. ಕುರ್ಚಿಯನ್ನು ಗೋಡೆಗೆ ಕಟ್ಟಿದರೆ ಅದು ನಿಂತ ಹಾಗೆ, ನೆಲದ ಮೇಲೆ ಇಟ್ಟರೆ ಜಾರಿದ ಹಾಗೆ. ನಿರ್ದೇಶಕ ಜೊನಾಥನ್ ಗ್ಲೇಜರ್. 1997ರಲ್ಲಿ ಎಂಟಿವಿಯಲ್ಲಿ ವರ್ಷದ ವಿಡಿಯೋ ಪ್ರಶಸ್ತಿ ಸೇರಿ ನಾಲ್ಕು ಪ್ರಶಸ್ತಿ ಬಂತು.

ಅದೂ ತಂತ್ರಜ್ಞಾನದ ಬಗ್ಗೆಯೇ ಇದ್ದ ಹಾಡು, ಗಮನಿಸಿ. ಆದರೆ ಅದರ ಬೆನ್ನೆಲುಬು ಒಂದು ಪಿಯಾನೋ. ಯಂತ್ರದ ಬಗ್ಗೆ ಹಾಡಲು ಯಂತ್ರದ ದನಿಯೇ ಬೇಕು ಅನ್ನುವ ಸಿಂತ್80 ವಾದಕ್ಕೆ ಇದೇ ಉತ್ತರ.

ಸಿಂತ್80
ಒಳ್ಳೆಯ ಏಟು. ಆದರೆ ಇಪ್ಪತ್ತು ವರ್ಷದ ಹಿಂದಿನದನ್ನೇ ಮತ್ತೆ ಮಾಡಿದ್ದರೆ ಇದೇ ಜನ 'ಹೊಸದೇನೂ ಇಲ್ಲ' ಅನ್ನುತ್ತಿದ್ದರು. ಬ್ಯಾಂಡ್ ಏನು ಮಾಡಿದರೂ ತಪ್ಪು ಅಂದರೆ ಹೇಗೆ?

ರಾತ್ರಿಗೂಬೆ
ನನ್ನ ಇನ್ನೊಂದು ತಕರಾರು. ಮೊದಲ ಆಲ್ಬಮ್‌ನಲ್ಲಿ ಭೂಮಿ ಉಳಿಸಿ ಅಂದವರು ಇವರು. 'ಕ್ಲೌಡ್ ನೈನ್' ವಿಡಿಯೋದಲ್ಲಿ ಜೇ ಕೇ ಮತ್ತೆ ಹಳೇ ಫೆರಾರಿ ಓಡಿಸುತ್ತಾರೆ. 'ಕಾಸ್ಮಿಕ್ ಗರ್ಲ್'ನಲ್ಲೂ ಅದೇ, ನೇರಳೆ ಬಣ್ಣದ ಲ್ಯಾಂಬೋರ್ಗಿನಿ. ಹಾಡಿನಲ್ಲಿ ಒಂದು, ಗ್ಯಾರೇಜಿನಲ್ಲಿ ಇನ್ನೊಂದು.

ಕುಣಿಯೋಣಬಾ
ಇದು 1996ರಿಂದ ನಡೆದುಬಂದ ಜಗಳ. ಮೂರನೇ ಆಲ್ಬಮ್‌ನ ಮುಖಪುಟದ ಲಾಂಛನವೇ ಫೆರಾರಿ ಮಾದರಿಯದ್ದು. 'ಕ್ಲೌಡ್ ನೈನ್' ವಿಡಿಯೋ ಬೇಕೆಂದೇ 'ಕಾಸ್ಮಿಕ್ ಗರ್ಲ್' ಕಡೆ ತಿರುಗಿ ನೋಡುತ್ತದೆ. ಎರಡೂ ಸ್ಪೇನ್‌ನ ಆಲ್ಮೇರಿಯಾ ಕಡೆಯ ರಸ್ತೆಗಳು. ನನಗೆ ಅದು ಹಳೇ ಕೇಳುಗರಿಗೆ ಕೊಟ್ಟ ಪ್ರೀತಿಯ ಸಲಾಂ ಅನ್ನಿಸಿತು.

ಹಳೇಟೇಪು
ರಾತ್ರಿಗೂಬೆ ಮಾತಿನಲ್ಲಿ ಸತ್ಯ ಇದೆ. ಕಾರು ಇಟ್ಟುಕೊಳ್ಳೋದು ಅವರಿಷ್ಟ. ಆದರೆ ಹಾಡಿನಲ್ಲಿ ಆ ಹಳೇ ಸಿಟ್ಟು ಕಡಿಮೆ ಆಯ್ತು ಅನ್ನೋದು ಕೇಳುಗನ ನಷ್ಟ. ಎರಡನೇ ಆಲ್ಬಮ್‌ನ 'ಮ್ಯಾನಿಫೆಸ್ಟ್ ಡೆಸ್ಟಿನಿ' ಅಮೆರಿಕದ ಮೂಲ ನಿವಾಸಿಗಳಿಗೆ ಆದ ಅನ್ಯಾಯದ ಬಗ್ಗೆ. ನಿಧಾನ, ಭಾರ, ಆದರೂ ಫಂಕ್. ಹೊಸ ಆಲ್ಬಮ್‌ನಲ್ಲಿ ಅಷ್ಟು ಭಾರದ ಹಾಡು ಯಾವುದಿದೆ ಹೇಳಿ?

ಕೀಲಿಮಣೆ
'ಡಾಕ್ಟರ್ ಬಝ್'. ಯಾರೂ ಅದರ ಹೆಸರನ್ನೇ ಎತ್ತಿಲ್ಲ ಅನ್ನೋದು ನನಗೆ ಆಶ್ಚರ್ಯ. ಆಲ್ಬಮ್‌ನ ವೇಗವೆಲ್ಲ ಅಲ್ಲಿ ಇಳಿಯುತ್ತದೆ. ವಾದ್ಯಗಳ ನಡುವೆ ಜಾಗ ಸಿಗುತ್ತದೆ. ಮ್ಯಾಟ್ ಜಾನ್ಸನ್ ಆತುರವಿಲ್ಲದೆ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛ‌ಗಳನ್ನು ಬಿಡಿಸಿಡುತ್ತಾರೆ. ಜಾಝ್-ಫಂಕ್ ಬೇಕು ಅನ್ನುವವರು ನೇರವಾಗಿ ಅಲ್ಲಿಗೆ ಹೋಗಿ.

ಮ್ಯಾಟ್ ಬಗ್ಗೆ ಇನ್ನೊಂದು ಮಾತು. ಈ ಆಲ್ಬಮ್‌ಗೆ ಜೇ ಕೇ ಜೊತೆ ಅವರೂ ನಿರ್ಮಾಪಕರು. ಕೀಬೋರ್ಡ್ ವಾದಕರೇ ನಿರ್ಮಾಪಕರಾದಾಗ ಕೀಬೋರ್ಡ್ ಮುಂದೆ ಬರೋದು ಸಹಜ. ಬಾಸ್ ವಾದಕರು ನಿರ್ಮಾಪಕರಾಗಿದ್ದರೆ ಈ ಚರ್ಚೆ ಉಲ್ಟಾ ಇರುತ್ತಿತ್ತು.

ಬಾಸ್‌ಪ್ರಿಯ
ಹಾಗಿದ್ದರೆ ನಾನು ಸಂತೋಷವಾಗಿ ಸುಮ್ಮನಿರುತ್ತಿದ್ದೆ.

ನಾಲ್ಕರತಾಳ
ಎಲ್ಲರೂ ಒಂದು ನಿಮಿಷ. ಈಗ ಸುದ್ದಿ ನೋಡಿದೆ. ಟೋಬಿ ಸ್ಮಿತ್ ತೀರಿಕೊಂಡಿದ್ದಾರೆ. ಏಪ್ರಿಲ್ 11. ಕ್ಯಾನ್ಸರ್ ಇತ್ತಂತೆ. 46 ವರ್ಷ.

ಕೀಲಿಮಣೆ
ಅಯ್ಯೋ.

ಹಳೇಟೇಪು
ನಂಬೋಕೆ ಆಗುತ್ತಿಲ್ಲ. ನಾವು ಇಲ್ಲಿ ಕೀಬೋರ್ಡ್ ಬಗ್ಗೆ ಮಾತಾಡಿಕೊಂಡು ಕೂತಿದ್ದೇವೆ.

ಮೋಡದಾಚೆ
ನಾನು ಈ ಬ್ಯಾಂಡಿಗೆ ಹೊಸಬ. ಇವರು ಯಾವ ಆಲ್ಬಮ್‌ನಲ್ಲಿ ಇದ್ದರು?

ಕೀಲಿಮಣೆ
ಮೊದಲ ಐದರಲ್ಲೂ. ಶುರುವಿನಿಂದ 2002ರವರೆಗೆ ಬ್ಯಾಂಡಿನ ಕೀಬೋರ್ಡ್ ವಾದಕರು. ಜೇ ಕೇ ಜೊತೆ ಕೂತು ಹಾಡು ಬರೆದವರು. 'ಟೂ ಯಂಗ್ ಟು ಡೈ', 'ವರ್ಚುವಲ್ ಇನ್ಸ್ಯಾನಿಟಿ' ಎರಡರಲ್ಲೂ ಅವರ ಹೆಸರಿದೆ. ಸ್ವಲ್ಪ ಹೊತ್ತಿನ ಮುಂಚೆ 'ಬೆನ್ನೆಲುಬು ಒಂದು ಪಿಯಾನೋ' ಅಂತ ಎರಡನೇಸಾಲು ಬರೆದರಲ್ಲ, ಅದು ಟೋಬಿ. ಬ್ಯಾಂಡ್ ಬಿಟ್ಟಮೇಲೆ ತಮ್ಮ ಸ್ಟುಡಿಯೋ ಮಾಡಿಕೊಂಡು ದಿ ಹೂಸಿಯರ್ಸ್ ಅನ್ನುವ ಬ್ಯಾಂಡನ್ನು ಬೆಳೆಸಿದರು.

ಅವರ ಕೈಗುಣ ಏನು ಅಂದರೆ, ಎಲೆಕ್ಟ್ರಿಕ್ ಪಿಯಾನೋದಲ್ಲಿ ಒಂದು ಕಾರ್ಡ್ ಹಾಕಿದರೆ ಅದು ಮುಂದಿನ ಕಾರ್ಡ್‌ಗೆ ಕೈ ಚಾಚುತ್ತದೆ. ಬರೀ ಮೂರು ಸ್ವರದಲ್ಲಿ ಮುಗಿಸೋದಿಲ್ಲ. ಏಳನೆಯದು, ಒಂಬತ್ತನೆಯದು, ಹನ್ನೊಂದನೆಯದು ಸೇರಿಸಿ ಬಣ್ಣ ಕೊಡುತ್ತಾರೆ. ಜಾಝ್‌ನ ಆ ಬಣ್ಣವನ್ನು ರೇಡಿಯೋದಲ್ಲಿ ಬರುವ ಹಾಡಿನೊಳಗೆ ಕೂರಿಸಿ, ಕೇಳುವವರಿಗೆ ಕಷ್ಟ ಆಗದ ಹಾಗೆ ಮಾಡಿದ್ದು ಅವರು. ನಾನು ಕೀಬೋರ್ಡ್ ಮುಂದೆ ಕೂತಿದ್ದೇ ಅವರನ್ನು ಕೇಳಿ.

ಎರಡನೇಸಾಲು
ಇವತ್ತು 'ಬ್ಲೋ ಯುವರ್ ಮೈಂಡ್' ಕೇಳುತ್ತೇನೆ. ಪೂರ್ತಿ, ನಡುವೆ ನಿಲ್ಲಿಸದೆ.

ಹೆಡ್‌ಫೋನ್‌ಮೇಡಂ
ಅವರ ಮನೆಯವರಿಗೆ ಧೈರ್ಯ ಸಿಗಲಿ. ಆಲ್ಬಮ್ ಬಂದು ಎರಡು ವಾರವೂ ಆಗಿಲ್ಲ. ಬ್ಯಾಂಡಿನವರಿಗೂ ಎಂಥ ಸಂಕಟವೋ.

ಕುಣಿಯೋಣಬಾ
ಸುದ್ದಿ ಕೇಳಿ ಹಳೆಯದನ್ನೆಲ್ಲ ಮತ್ತೆ ಹಾಕಿದೆ. ಆಮೇಲೆ 'ಆಟೋಮೇಟನ್'ನ ಕೊನೆಯ ಹಾಡು 'ಕಾರ್ಲಾ'. ಜೇ ಕೇ ತಮ್ಮ ಮಗಳ ಬಗ್ಗೆ ಹಾಡಿದ್ದು. ಮೊದಲ ಸಲ ಕೇಳಿದಾಗ ಸಾಧಾರಣ ಅನ್ನಿಸಿತ್ತು, ಈಗ ಗಂಟಲು ಕಟ್ಟಿತು. ಇಡೀ ಆಲ್ಬಮ್‌ನಲ್ಲಿ ಟೋಪಿ, ಮುಖವಾಡ ಯಾವುದೂ ಇಲ್ಲದ ಹಾಡು ಅದೊಂದೇ.

ರಾತ್ರಿಗೂಬೆ
ಟೋಬಿ ಬಿಟ್ಟಮೇಲೆ ಬ್ಯಾಂಡಿನ ಹಾಡು ಬರೆಯುವ ರೀತಿಯೇ ಬದಲಾಯ್ತು ಅನ್ನೋದು ನನ್ನ ಬಹಳ ದಿನದ ಅಭಿಪ್ರಾಯ. ಮೊದಲು ಕಾರ್ಡ್‌ಗಳು ತಿರುಗಿ ತಿರುಗಿ ಎಲ್ಲೋ ಹೋಗಿ ವಾಪಸ್ ಬರುತ್ತಿದ್ದವು. ಆಮೇಲೆ ಒಂದು ಗ್ರೂವ್ (ಮರಳಿ ಮರಳಿ ಬರುವ ಲಯ) ಹಿಡಿದು ಅದರ ಮೇಲೇ ನಿಲ್ಲೋದು ಜಾಸ್ತಿ ಆಯ್ತು.

ಸಿಂತ್80
ಟೋಬಿಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಇದು ಪೂರ್ತಿ ಸರಿ ಅಲ್ಲ. 2005ರ 'ಸೆವೆನ್ ಡೇಸ್ ಇನ್ ಸನ್ನಿ ಜೂನ್' ಬಂದಿದ್ದು ಅವರು ಬಿಟ್ಟಮೇಲೆ. ಮ್ಯಾಟ್ ಜಾನ್ಸನ್ ಕಾರ್ಡ್‌ಗಳು ಅಲ್ಲಿ ಎಷ್ಟು ಚೆನ್ನಾಗಿವೆ! ಒಂದೇ ಗ್ರೂವ್ ಮೇಲೆ ನಿಲ್ಲೋದು ಫಂಕ್‌ನ ದೋಷವೂ ಅಲ್ಲ. ಫಂಕ್‌ಗೆ ದಾರಿ ಹಾಕಿದ ಜೇಮ್ಸ್ ಬ್ರೌನ್ ಒಂದೇ ಕಾರ್ಡ್ ಮೇಲೆ ಎಷ್ಟೋ ನಿಮಿಷ ನಿಲ್ಲಿಸಿ ಕುಣಿಸಿದರು. ನಿಲ್ಲೋದು ಕಷ್ಟದ ಕೆಲಸ.

ನಾಲ್ಕರತಾಳ
ಜೇಮ್ಸ್ ಬ್ರೌನ್ ಹಾಗೆ ನಿಲ್ಲಬಹುದಾಗಿತ್ತು, ಯಾಕಂದ್ರೆ ಹಿಂದೆ ಕ್ಲೈಡ್ ಸ್ಟಬಲ್‌ಫೀಲ್ಡ್, ಜಾಬೊ ಸ್ಟಾರ್ಕ್ಸ್ ಅಂಥ ಡ್ರಮ್ಮರ್‌ಗಳು ಇದ್ದರು. ಕಾರ್ಡ್ ಬದಲಾಗದಿದ್ದರೂ ಒಳಗಿನ ಸಣ್ಣ ಪೆಟ್ಟುಗಳು ಬದಲಾಗುತ್ತಿದ್ದವು. ಅದೇ ಎರಡು ಆವರ್ತ ನಕಲು ಮಾಡಿ ನಾಲ್ಕು ನಿಮಿಷ ಅಂಟಿಸಿದರೆ ನಿಂತ ಹಾಗೆ ಆಗೋದಿಲ್ಲ, ಸಿಕ್ಕಿಕೊಂಡ ಹಾಗೆ ಆಗುತ್ತದೆ. 'ಸಮ್‌ಥಿಂಗ್ ಅಬೌಟ್ ಯು' ನನಗೆ ಹಾಗೆ ಕೇಳಿಸಿತು. ಅದರ ಮುಂದಿನ 'ಸಮ್ಮರ್ ಗರ್ಲ್' ಹಾಗಲ್ಲ. ಅದು ಹಳೇ ಡಿಸ್ಕೋ ಬಲ್ಲವರು ಕೂತು ಮಾಡಿದ ಹಾಡು.

ಹಳೇಟೇಪು
'ಸಮ್ಮರ್ ಗರ್ಲ್' ಚೆನ್ನಾಗಿದೆ, ಅದನ್ನು ನಾನೂ ಒಪ್ಪುತ್ತೇನೆ. ಅಂಥ ಆರು ಹಾಡು ಇದ್ದಿದ್ದರೆ ನಾನು ಇಲ್ಲಿ ಜಗಳ ಮಾಡುತ್ತಲೇ ಇರಲಿಲ್ಲ.

ಮೋಡದಾಚೆ
ಹೊಸಬರು ಎಲ್ಲಿಂದ ಶುರು ಮಾಡಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದೀರಿ.

ಕುಣಿಯೋಣಬಾ
1996ರ 'ಟ್ರಾವೆಲಿಂಗ್ ವಿದೌಟ್ ಮೂವಿಂಗ್'. ಕಣ್ಣು ಮುಚ್ಚಿ. ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಫಂಕ್ ಆಲ್ಬಮ್ ಅಂತ ಗಿನ್ನೆಸ್ ದಾಖಲೆ ಅದರ ಹೆಸರಲ್ಲಿದೆ.

ಹಳೇಟೇಪು
ಮಾರಾಟ ನೋಡಿ ಶುರು ಮಾಡಬೇಡಿ. 'ಸ್ಪೇಸ್ ಕೌಬಾಯ್' ಆಲ್ಬಮ್ ಕೇಳಿ. ಡೆರಿಕ್, ಝೆಂಡರ್, ಟೋಬಿ ಮೂವರೂ ಒಟ್ಟಿಗೆ ಸಿಗುತ್ತಾರೆ.

ಸಿಂತ್80
'ಎ ಫಂಕ್ ಒಡಿಸ್ಸಿ' ಕೇಳಿ, ಅದಾದ ತಕ್ಷಣ 'ಆಟೋಮೇಟನ್'. ಆಗ ಹೊಸದು ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ.

ಬಾಸ್‌ಪ್ರಿಯ
ಎಲ್ಲರ ಮಾತು ಓದಿ, ಹೆಡ್‌ಫೋನ್‌ಮೇಡಂ ಹೇಳಿದ ಹಾಗೆ ಎರಡು ಭಾಗ ಮಾಡಿ ಮತ್ತೆ ಕೇಳಿದೆ. ಮೊದಲ ಆರು ಹಾಡಿನ ಬಗ್ಗೆ ನನ್ನ ತಕರಾರು ಹಾಗೇ ಇದೆ. ಅಲ್ಲಿ ಬ್ಯಾಂಡ್ ಇದ್ದರೂ ಮಿಕ್ಸ್ ಅದನ್ನು ನಂಬಿಲ್ಲ. ಬಾಸ್ ಇರುವಲ್ಲಿ ಸಿಂತ್ ಬಾಸ್ ಹಾಕೋದು ಅಂದರೆ ಒಂದೇ ಮಾತನ್ನು ಇಬ್ಬರು ಒಟ್ಟಿಗೆ ಆಡಿದ ಹಾಗೆ, ಇಬ್ಬರದೂ ಸ್ಪಷ್ಟ ಕೇಳೋದಿಲ್ಲ. ಎರಡನೇ ಅರ್ಧ ಮಾತ್ರ ನಾನು ಬಹಳ ದಿನ ಇಟ್ಟುಕೊಳ್ಳುವಂಥದ್ದು. 'ವಿ ಕ್ಯಾನ್ ಡೂ ಇಟ್'ನಲ್ಲಿ ಟರ್ನರ್ ಎಷ್ಟು ಕಡಿಮೆ ನುಡಿಸಿ ಎಷ್ಟು ಹೇಳುತ್ತಾರೆ! ಸ್ವರ ಬಿಟ್ಟ ಜಾಗದಲ್ಲೇ ಗ್ರೂವ್ ಇದೆ.

ಬಿಡುಗಡೆ ದಿನವೇ ಲಂಡನ್‌ನ ರೌಂಡ್‌ಹೌಸ್‌ನಲ್ಲಿ ನುಡಿಸಿದರಲ್ಲ, ಈ ಹಾಡುಗಳ ಒಂದು ಲೈವ್ ಆಲ್ಬಮ್ ಬರಲಿ ಅಂತ ನನ್ನ ಆಸೆ. ಸ್ಟುಡಿಯೋದಲ್ಲಿ ಕೂಡಿಸಿದ ಪದರಗಳೆಲ್ಲ ವೇದಿಕೆ ಮೇಲೆ ಕಳಚುತ್ತವೆ. ಕೈ ಎಷ್ಟಿದೆಯೋ ಅಷ್ಟೇ ಸದ್ದು.

ನಾಲ್ಕರತಾಳ
ಲೈವ್ ಬಂದರೆ 'ಶೇಕ್ ಇಟ್ ಆನ್'ನಲ್ಲಿ ಡೆರಿಕ್ ಹೈಹ್ಯಾಟ್ ಕೇಳಬೇಕು ನಾನು. ಆ ಹಾಡಿಗೆ ಅದೊಂದೇ ಕೊರತೆ.

ಕುಣಿಯೋಣಬಾ
ಮೊದಲ ಅರ್ಧ ಬೇಡ ಅನ್ನುವವರ ಪಾಲೆಲ್ಲ ನನಗೆ ಕೊಡಿ. ಮತ್ತೆ 'ಸೂಪರ್‌ಫ್ರೆಶ್' ಹಾಕುತ್ತಿದ್ದೇನೆ.